ನಿಂತ ಯಂತ್ರದೊಳಗಣ ಕೈ

ಆಹಾರವನ್ನು ಸಿದ್ಧಗೊಳಿಸುವ ಯಂತ್ರಕ್ಕೂ ಮಿಕ್ಕ ಯಂತ್ರಗಳಿಗೂ ಒಂದು ಮುಖ್ಯವಾದ ಭೇದವುಂಟು. ನೂಲು ತೆಗೆಯುವ ಯಂತ್ರವನ್ನಾಗಲಿ, ಕಬ್ಬಿಣವನ್ನು ಕೊರೆಯುವ ಯಂತ್ರವನ್ನಾಗಲಿ, ಕಾಗದದ ಮೇಲೆ ಅಚ್ಚೊತ್ತುವ ಯಂತ್ರವನ್ನಾಗಲಿ ಆಗಾಗ ಧೂಳು ಹೊಡೆದು, ಎಣ್ಣೆ ಬಿಟ್ಟು, ಕೆಲವು ತಿಂಗಳಿಗೊಮ್ಮೆ ಬಿಚ್ಚಿ ನೋಡಿದರೆ ಅದರ ಪೋಷಣೆ ನಡೆದುಹೋಗುತ್ತದೆ. ಆದರೆ ಮೈದಾ ಕಲಸುವ, ಮಾಂಸ ಅರೆಯುವ, ಉದ್ದು ರುಬ್ಬುವ, ಹಣ್ಣಿನ ತಿರುಳು ತೆಗೆಯುವ ಯಂತ್ರವನ್ನು ಪ್ರತಿದಿನವೂ, ಕೆಲವೆಡೆ ಪ್ರತಿಯೊಂದು ಪಾಳಿಯ ಕೊನೆಗೂ, ಬಿಚ್ಚಿ, ಕೆರೆದು, ಬಿಸಿನೀರಿನಿಂದ ತೊಳೆದು, ಒರಸಿ, ಮರಳಿ ಜೋಡಿಸಬೇಕಾಗುತ್ತದೆ. ಹಾಗೆ ಮಾಡದಿದ್ದಲ್ಲಿ ಇರುಳು ಉಳಿದ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿತು ನಾರುತ್ತದೆ, ಸಂದುಗಳಲ್ಲಿ ಕುಳಿತ ನುಚ್ಚಿಗೆ ಹುಳು ಹತ್ತುತ್ತದೆ, ನಿನ್ನೆಯ ಕೊಳೆ ಇಂದಿನ ಪೊಟ್ಟಣವನ್ನು ಸೇರಿ ಎಲ್ಲಿಯೋ ಒಂದು ಮಗುವಿನ ಹೊಟ್ಟೆಯನ್ನು ಕೆಡಿಸುತ್ತದೆ. ಆದುದರಿಂದ, ಮನುಷ್ಯನ ಕೈ ಎಂದಿಗೂ ಹೋಗಬಾರದೆಂದು ಯಾವ ಸ್ಥಳವನ್ನು ಯಂತ್ರನಿರ್ಮಾಪಕನು ತಗಡು ಜಾಲರಿಗಳಿಂದ ಮರೆಮಾಡಿರುವನೋ ಅದೇ ಸ್ಥಳಕ್ಕೆ ದಿನಕ್ಕೊಮ್ಮೆಯಾದರೂ ಮನುಷ್ಯನ ಕೈ ಹೋಗಿಬರಲೇಬೇಕೆಂಬ ವಿಚಿತ್ರ ಸನ್ನಿವೇಶದ ಮೇಲೆ ಈ ಉದ್ಯಮ ನಿಂತಿದೆ.

ಈ ಕೆಲಸ ನಡೆಯುವ ಹೊತ್ತನ್ನು ಗಮನಿಸಬೇಕು. ಪಾಳಿ ಮುಗಿಯಲು ಅರ್ಧ ಗಂಟೆ ಉಳಿದಿರುತ್ತದೆ. ಯಂತ್ರವನ್ನು ನಡೆಸಿದ ಅನುಭವಸ್ಥನಾದ ಆಪರೇಟರನು ರಿಜಿಸ್ಟರಿನಲ್ಲಿ ಲೆಕ್ಕ ಬರೆದು ಅಂಗಿ ಬದಲಿಸಲು ಹೊರಟಿರುತ್ತಾನೆ. ಗೇಟಿನ ಹೊರಗೆ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ನೆಲವೆಲ್ಲ ನೀರು, ಸೋಪಿನ ನೊರೆ. ಸಾಲುದೀಪಗಳಲ್ಲಿ ಅರ್ಧವನ್ನು ಉಳಿತಾಯಕ್ಕೆಂದು ಆರಿಸಿರುತ್ತಾರೆ. ಆಗ ಕೆರೆಯುವ ತಗಡು, ಬ್ರಷ್ಷು, ಹಳೆಯ ಬಟ್ಟೆಗಳನ್ನು ಹಿಡಿದು ಯಂತ್ರದ ಬಳಿಗೆ ಬರುವವರು ಗುತ್ತಿಗೆದಾರನ ಕಡೆಯ ಹೆಲ್ಪರುಗಳು. ಅವರಲ್ಲಿ ಬಹುಮಂದಿ ಹೆಂಗಸರು. ಯಂತ್ರವು ಯಾವ ಕಡೆಗೆ ತಿರುಗುತ್ತದೆ, ನಿಲ್ಲಿಸಿದ ಮೇಲೆ ಎಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ, ಯಾವ ಗುಂಡಿ ಯಾವ ಮೋಟಾರಿನದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಏಕೆಂದರೆ ಅವರ ಪಾಲಿಗೆ ಬಂದಿರುವುದು ನಿಂತ ಯಂತ್ರವೆಂದು ಎಲ್ಲರ ಭಾವನೆ. ಮಾಲೀಕನ ಲೆಕ್ಕದಲ್ಲಿ ಈ ಅರ್ಧ ಗಂಟೆ ಉತ್ಪತ್ತಿಯಿಲ್ಲದ ಕಾಲ. ಬೇಗ ಮುಗಿದಷ್ಟೂ ಲಾಭ. ಬೆರಳುಗಳು ಹೋಗುವುದು ಬಹುಮಟ್ಟಿಗೆ ಈ ಅರ್ಧ ಗಂಟೆಯಲ್ಲಿ, ಇಲ್ಲವೆ ಪಾಳಿಯ ನಡುವೆ ಏನಾದರೂ ಸಿಕ್ಕಿಕೊಂಡು ಯಂತ್ರ ಜಾಮ್ ಆದ ಐದು ನಿಮಿಷದಲ್ಲಿ.

ಹಿಟ್ಟನ್ನು ಹಾಳೆಯಾಗಿ ಲಟ್ಟಿಸುವ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಿಸ್ಕತ್ತಿನ ಕಾರ್ಖಾನೆಯಲ್ಲಿ, ದೊಡ್ಡ ಬೇಕರಿಯಲ್ಲಿ, ಹಪ್ಪಳದ ಘಟಕದಲ್ಲಿ ಇದರ ಒಂದಲ್ಲ ಒಂದು ರೂಪ ಇದ್ದೇ ಇರುತ್ತದೆ: ಒಂದರ ಮೇಲೊಂದು ಕೂತ ಎರಡು ಉಕ್ಕಿನ ರೋಲರುಗಳು, ಒಂದಕ್ಕೊಂದು ಎದುರುಮುಖವಾಗಿ ಒಳಕ್ಕೆ ತಿರುಗುತ್ತ, ತಮ್ಮ ಸಂದಿಗೆ ಬಂದುದನ್ನೆಲ್ಲ ಎಳೆದುಕೊಳ್ಳುತ್ತವೆ. ರೋಲರಿನ ವ್ಯಾಸ ೨೦ ಸೆಂಟಿಮೀಟರು, ವೇಗ ನಿಮಿಷಕ್ಕೆ ೩೦ ಸುತ್ತು ಎಂದಿಟ್ಟುಕೊಂಡರೆ, ನೋಡುವವನ ಕಣ್ಣಿಗೆ ಅದು ಬಲು ಮಂದಗತಿ. ಗಾಯವಾದೀತೆಂದು ಯಾರೂ ಹೆದರುವಂಥದಲ್ಲ. ಆದರೆ ಅದರ ಸುತ್ತಳತೆ ಸುಮಾರು ೬೩ ಸೆಂಟಿಮೀಟರು. ಸೆಕೆಂಡಿಗೆ ಅರ್ಧ ಸುತ್ತಿನಂತೆ ೩೧ ಸೆಂಟಿಮೀಟರು ಮೇಲ್ಮೈ ಒಳಕ್ಕೆ ಸರಿಯುತ್ತದೆ. ಬೆರಳತುದಿಯಿಂದ ಮಣಿಕಟ್ಟಿನವರೆಗೆ ಮನುಷ್ಯನ ಹಸ್ತದ ಉದ್ದ ೧೮–೧೯ ಸೆಂಟಿಮೀಟರು. ಲೆಕ್ಕ ಹಾಕಿದರೆ, ಬೆರಳ ತುದಿ ಸಿಕ್ಕಿದ ಮೇಲೆ ಇಡೀ ಹಸ್ತ ಒಳಸೇರಲು ಬೇಕಾದುದು ಸೆಕೆಂಡಿನ ಹತ್ತರಲ್ಲಿ ಆರು ಭಾಗ. ‘ಅಯ್ಯೋ’ ಎಂಬ ಶಬ್ದ ಬಾಯಿಂದ ಹೊರಡುವ ಮುನ್ನವೇ ಕೆಲಸ ಮುಗಿದಿರುತ್ತದೆ. ಪಕ್ಕದವನು ಗುಂಡಿ ಒತ್ತಿದರೂ ಅದು ಕೈಯನ್ನು ಉಳಿಸುವುದಿಲ್ಲ, ತೋಳನ್ನು ಉಳಿಸಬಹುದು.

ಹಾಗಾದರೆ ತಿರುಗುತ್ತಿರುವ ರೋಲರನ್ನು ಯಾರಾದರೂ ಬಟ್ಟೆಯಿಂದ ಒರಸಲು ಹೋಗುವುದೇಕೆ? ಮೂರ್ಖತನವೆಂದು ಹೇಳಿಬಿಡುವುದು ಸುಲಭ. ಸಂಗತಿ ಹಾಗಿಲ್ಲ. ನಿಂತ ರೋಲರಿನಲ್ಲಿ ಕೈಗೆಟಕುವುದು ಮುಂದಣ ಅರ್ಧ ಮೈ ಮಾತ್ರ. ಹಿಂದಣ ಅರ್ಧಕ್ಕೆ ಅಂಟಿದ ಹಿಟ್ಟನ್ನು ತೆಗೆಯಬೇಕಾದರೆ ಅದನ್ನು ಹೇಗಾದರೂ ಮುಂದಕ್ಕೆ ತಿರುಗಿಸಲೇಬೇಕು. ತಿರುಗುತ್ತಿರುವಾಗಲೇ ಒದ್ದೆ ಬಟ್ಟೆಯನ್ನು ಒತ್ತಿ ಹಿಡಿದರೆ ಎರಡೇ ನಿಮಿಷದಲ್ಲಿ ರೋಲರು ಕನ್ನಡಿಯಂತಾಗುತ್ತದೆ. ನಿಲ್ಲಿಸಿ, ಒರಸಿ, ದೂರ ಸರಿದು, ತುಸು ತಿರುಗಿಸಿ, ಮತ್ತೆ ನಿಲ್ಲಿಸಿ ಒರಸುತ್ತ ಹೋದರೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಎರಡು ನಿಮಿಷದ ಮಾರ್ಗವನ್ನು ಹಿಡಿದವನನ್ನು ಸೂಪರ್‌ವೈಸರನು ಚುರುಕಿನ ಆಳೆಂದು ತಿಂಗಳುಗಟ್ಟಲೆ ಮೆಚ್ಚಿಕೊಂಡಿರುತ್ತಾನೆ. ಬಟ್ಟೆಯ ತುದಿ ಸಂದಿಗೆ ಸಿಕ್ಕಿ ಕೈಯನ್ನು ಎಳೆದುಕೊಂಡ ದಿನ ಅದೇ ಚುರುಕು ಅಜಾಗರೂಕತೆಯೆಂಬ ಹೆಸರನ್ನು ಪಡೆದು ವರದಿಯಲ್ಲಿ ಸೇರುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಅಂಗುಲ ಅಂಗುಲವಾಗಿ ತಿರುಗಿ, ಬೆರಳು ತೆಗೆದೊಡನೆ ನಿಲ್ಲುವ ಗುಂಡಿಯೊಂದನ್ನು, ಎರಡೂ ಕೈಗಳಿಂದ ಒತ್ತಬೇಕಾದಂತೆ, ಸಂದಿಯಿಂದ ಒಂದು ಮಾರು ದೂರದಲ್ಲಿ ಅಳವಡಿಸಿದರೆ ಈ ಪ್ರಶ್ನೆಯೇ ಉದ್ಭವಿಸುವುದಿಲ್ಲವೆಂಬುದು ಎಂಜಿನಿಯರುಗಳಿಗೆ ಬಹುಕಾಲದಿಂದ ತಿಳಿದ ವಿಷಯ.

ಕೈಗವುಸಿನ ಮಾತೂ ಇಲ್ಲಿಯೇ ಬರಬೇಕು. ಚಾಕುವಿನಿಂದ, ಬಿಸಿಯಿಂದ, ಕ್ಷಾರದ ದ್ರಾವಣದಿಂದ ಕೈಯನ್ನು ಕಾಪಾಡುವ ಅದೇ ಗವುಸು, ತಿರುಗುವ ರೋಲರಿನ ಬಳಿ ಶತ್ರುವಾಗಿ ಪರಿಣಮಿಸುತ್ತದೆ. ಬರಿಗೈ ಜಾರಿ ತಪ್ಪಿಸಿಕೊಳ್ಳಬಹುದಾದಲ್ಲಿ ಗವುಸಿನ ಅಂಚು ಸಿಕ್ಕಿ ಕೈಯನ್ನು ತನ್ನೊಡನೆ ಒಯ್ಯುತ್ತದೆ. ಬಳೆ, ಉಂಗುರ, ಮಣಿಕಟ್ಟಿಗೆ ಕಟ್ಟಿದ ದೇವರ ದಾರ, ಸೆರಗು, ದುಪಟ್ಟ, ಇವೆಲ್ಲವೂ ಹಾಗೆಯೇ. ಉಂಗುರ ಸಿಕ್ಕಿಕೊಂಡಾಗ ಕೆಲವೊಮ್ಮೆ ಮೂಳೆ ಉಳಿದು ಅದರ ಮೇಲಿನ ಚರ್ಮವಷ್ಟೇ ಗವುಸು ಕಳಚಿದಂತೆ ಕಳಚಿಬರುವುದುಂಟು. ಶಸ್ತ್ರವೈದ್ಯರನ್ನು ಅತಿಯಾಗಿ ಕಾಡುವ ಗಾಯಗಳಲ್ಲಿ ಇದೊಂದು.

ಇಷ್ಟು ತಿರುಗುತ್ತಿರುವ ಯಂತ್ರದ ವಿಚಾರ. ನಿಂತ ಯಂತ್ರದ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು.

ಹಿಟ್ಟನ್ನೋ ಬೇಳೆಯನ್ನೋ ಒಂದೆಡೆಯಿಂದ ಇನ್ನೊಂದೆಡೆಗೆ ದೂಡುವ ಸ್ಕ್ರೂ ಕನ್ವೇಯರ್ ಎಂಬ ಸಾಧನವುಂಟು; ದೋಣಿಯಾಕಾರದ ತೊಟ್ಟಿಯೊಳಗೆ ಉದ್ದನೆಯ ಸುರುಳಿಯಾಕಾರದ ತಿರುಪು ಮಲಗಿರುತ್ತದೆ; ತಿರುಪಿನ ಅಂಚಿಗೂ ತೊಟ್ಟಿಯ ಗೋಡೆಗೂ ನಡುವೆ ಕೆಲವೇ ಮಿಲಿಮೀಟರುಗಳ ಅಂತರ. ತಿರುಗುವಾಗ ಆ ಅಂಚೂ ಗೋಡೆಯೂ ಸೇರಿ ಕತ್ತರಿಯ ಎರಡು ಅಲಗುಗಳ ಕೆಲಸವನ್ನು ಮಾಡುತ್ತವೆ. ತೇವ ತಾಗಿದ ಹಿಟ್ಟು ಗಟ್ಟಿಯಾಗಿ ಕಟ್ಟಿಕೊಂಡಿದೆ. ಮೆಕ್ಯಾನಿಕನೊಬ್ಬ ಮುಚ್ಚಳ ತೆಗೆದು ತೋಳಿನವರೆಗೆ ಕೈಯಿಟ್ಟು ಕೆರೆಯುತ್ತಿದ್ದಾನೆ. ಅವನಿಗೆ ಕಾಣದಂತೆ, ಗೋಡೆಯ ಆಚೆಗೆ, ಪ್ಯಾನೆಲಿನ ಮುಂದೆ ಇನ್ನೊಬ್ಬ ನಿಂತಿದ್ದಾನೆ. ಪಕ್ಕದ ಜರಡಿಯಂತ್ರದ ಗದ್ದಲದ ನಡುವೆ ಅವನು ಕೂಗುತ್ತಾನೆ: “ಅಣ್ಣಾ, ಆಯ್ತಾ?” ಈತ ಕೈ ತೆಗೆಯದೆಯೇ, “ಆಯ್ತು, ತಡಿ!” ಎಂದು ಮರುದನಿ ಕೊಡುತ್ತಾನೆ. ಗೋಡೆಯನ್ನು ದಾಟಿ ಹೋಗುವುದು ‘ಆಯ್ತು’ ಎಂಬುದಷ್ಟೇ. ‘ತಡಿ’ ಎಂಬುದನ್ನು ಜರಡಿ ನುಂಗುತ್ತದೆ. ಹಸಿರು ಗುಂಡಿ ಒತ್ತಿದವನು ಕೆಟ್ಟವನಲ್ಲ, ಆತುರಗಾರನೂ ಅಲ್ಲ, ಕೇಳಿಯೇ ಒತ್ತಿದ್ದಾನೆ. ನಮ್ಮ ನಾಡಿನ ಎಷ್ಟೋ ಕಾರ್ಖಾನೆಗಳಲ್ಲಿ ಯಂತ್ರವನ್ನು ಮರಳಿ ಚಾಲನೆಗೊಳಿಸುವ ಇಡೀ ವಿಧಿವಿಧಾನ ಈ ಎರಡು ಮಾತುಗಳೇ ಆಗಿವೆ.

ಕೂಗುವವನೂ ಬೇಕಾಗಿಲ್ಲದ ಸಂದರ್ಭವೊಂದುಂಟು. ಕರೆಂಟು ಹೋಯಿತು, ಯಂತ್ರ ಹೊಟ್ಟೆತುಂಬ ಹಿಟ್ಟು ಹೊತ್ತು ನಿಂತಿತು, ಹೇಗೂ ನಿಂತಿದೆಯಲ್ಲ, ಅಷ್ಟರಲ್ಲಿ ಕೆರೆದುಬಿಡೋಣವೆಂದು ಒಬ್ಬನು ಕೈಯಿಟ್ಟ, ಕರೆಂಟು ಬಂದಿತು. ಇಂಥ ಅನಾಹುತವನ್ನು ತಪ್ಪಿಸಲೆಂದೇ ಸ್ಟಾರ್ಟರಿನೊಳಗೆ ಒಂದು ಕಾಯಿಲನ್ನು ಇಟ್ಟಿರುತ್ತಾರೆ. ವಿದ್ಯುತ್ತು ನಿಂತೊಡನೆ ಅದು ಹಿಡಿತವನ್ನು ಸಡಿಲಿಸುತ್ತದೆ, ವಿದ್ಯುತ್ತು ಮರಳಿ ಬಂದರೂ ಮನುಷ್ಯನೊಬ್ಬ ಗುಂಡಿ ಒತ್ತುವವರೆಗೆ ಮೋಟಾರು ಹೊರಡುವುದಿಲ್ಲ. ಆದರೆ ಅಪರಾತ್ರಿಯಲ್ಲಿ ಬರುವ ತ್ರೀಫೇಸಿಗಾಗಿ ಎದ್ದು ಹೊಲಕ್ಕೆ ಹೋಗಲಾರದ ನಮ್ಮ ರೈತರು ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಕೂಡಿಸಿ, ಕರೆಂಟು ಬಂದೊಡನೆ ನೀರು ತಾನಾಗಿ ಹರಿಯುವಂತೆ ಮಾಡಿಕೊಂಡಿದ್ದಾರೆ. ಬಾವಿಯೊಳಗೆ ಯಾರ ಕೈಯೂ ಇರುವುದಿಲ್ಲವಾದ ಕಾರಣ ಅಲ್ಲಿ ಅದು ಜಾಣತನ. ಅದೇ ಉಪಾಯವನ್ನು ಅದೇ ಊರಿನ ಹಿಟ್ಟಿನ ಗಿರಣಿಗೋ ಗಾಣಕ್ಕೋ ಹೂಡಿದರೆ ಅದರ ಫಲ ಬೇರೆ.

ಹಳೆಯ ಕಾಲದ ಎಲೆಕ್ಟ್ರಿಷಿಯನ್ನರಲ್ಲಿ ಒಂದು ಒಳ್ಳೆಯ ರೂಢಿಯಿದ್ದಿತು. ಮೋಟಾರಿನ ಮೇಲೆ ಕೆಲಸ ಮಾಡುವ ಮೊದಲು ಅವರು ಮೇನ್ ಸ್ವಿಚ್ಚಿನ ಪೆಟ್ಟಿಗೆಯನ್ನು ತೆರೆದು, ಪಿಂಗಾಣಿಯ ಫ್ಯೂಸುಗಳನ್ನು ಕಿತ್ತು, ಅಂಗಿಯ ಕಿಸೆಗೆ ಹಾಕಿಕೊಂಡು ಹೋಗುತ್ತಿದ್ದರು. ಕಿಸೆ ಜೋತುಬಿದ್ದಿದ್ದರೂ ಚಿಂತೆಯಿಲ್ಲ. ಫ್ಯೂಸು ತಮ್ಮ ಎದೆಯ ಮೇಲಿರುವವರೆಗೆ ಲೋಕದಲ್ಲಿ ಯಾರು ಯಾವ ಗುಂಡಿ ಒತ್ತಿದರೂ ಆ ಮೋಟಾರು ತಿರುಗದೆಂಬ ನಿಶ್ಚಿಂತೆ ಅವರಿಗೆ. ಫ್ಯೂಸು ಹೋಗಿ ಎಂ.ಸಿ.ಬಿ. ಬಂದಿತು, ಅದನ್ನು ಕಿತ್ತುಕೊಂಡು ಹೋಗುವಂತಿಲ್ಲ, ಕೆಳಕ್ಕೆ ತಳ್ಳಬಹುದು, ಇನ್ನೊಬ್ಬನು ಮೇಲಕ್ಕೆ ತಳ್ಳಬಹುದು. ಯಂತ್ರ ಸುಧಾರಿಸಿತು, ರೂಢಿಯೊಂದು ಸದ್ದಿಲ್ಲದೆ ಅಳಿದುಹೋಯಿತು. ೧೯೮೯ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಆಡಳಿತವು ಪ್ರಕಟಿಸಿದ ಪ್ರಸಿದ್ಧ ನಿಯಮವು, ದುರಸ್ತಿ ಮಾಡುವ ಪ್ರತಿಯೊಬ್ಬನೂ ಶಕ್ತಿಯ ಮೂಲವನ್ನು ಮುಚ್ಚಿ, ತನ್ನದೇ ಬೀಗವನ್ನು ಜಡಿದು, ತನ್ನ ಹೆಸರಿನ ಚೀಟಿಯನ್ನು ತೂಗುಹಾಕಿ, ಮೂವರು ಒಳಗಿದ್ದರೆ ಮೂರು ಬೀಗ ಜಡಿದು, ಅವರವರ ಬೀಗವನ್ನು ಅವರವರೇ ತೆಗೆಯತಕ್ಕದ್ದೆಂದು ವಿಧಿಸುವಾಗ, ಆ ಫ್ಯೂಸಿನ ಕಿಸೆಯನ್ನೇ ಕಾನೂನಿನ ಭಾಷೆಯಲ್ಲಿ ಬರೆದಿದೆಯೆಂದು ನನಗೆ ತೋರುತ್ತದೆ. ನಮ್ಮಲ್ಲೂ ವಿದ್ಯುತ್ ಕಂಬ ಹತ್ತುವ ಲೈನ್‌ಮನ್ನನು ಉಪಕೇಂದ್ರದಿಂದ ಎಲ್.ಸಿ. (ಲೈನ್ ಕ್ಲಿಯರ್) ಪಡೆಯದೆ ತಂತಿ ಮುಟ್ಟಕೂಡದೆಂಬ ಶಿಸ್ತು ಇದ್ದೇ ಇದೆ. ಅದನ್ನು ಮುರಿದಾಗ ಏನಾಗುತ್ತದೆಂಬುದೂ ಎಲ್ಲರಿಗೂ ತಿಳಿದಿದೆ. ಕಂಬದ ಮೇಲಿನವನಿಗೆ ಸಲ್ಲುವ ಮರ್ಯಾದೆ ಹಿಟ್ಟಿನ ತೊಟ್ಟಿಯೊಳಗೆ ಕೈಯಿಟ್ಟವಳಿಗೆ ಸಲ್ಲದಿರುವುದಕ್ಕೆ ಕಾರಣ, ಆಕೆಯ ಕೆಲಸವನ್ನು ನಾವು ದುರಸ್ತಿಯೆಂದು ಎಣಿಸದೆ ತೊಳೆಬಳಿಯೆಂದು ಎಣಿಸಿರುವುದು. ಯಾರ ಕೈ ಯಂತ್ರದೊಳಗಿದೆಯೋ ಅವರ ಸೊಂಟದಲ್ಲಿಯೇ ಬೀಗದ ಕೈ ಇರಬೇಕು. ಈ ಇಡೀ ಶಾಸ್ತ್ರದಲ್ಲಿ ನನಗೆ ಮುಖ್ಯವೆನಿಸುವುದು ಇಷ್ಟೇ. ಮಂಡ್ಯದ ಆಲೆಮನೆಯಲ್ಲಿ ದುಡಿಯುವ ಉತ್ತರ ಪ್ರದೇಶದವನು ಗೋಡೆಯ ಮೇಲಿನ ‘ಎಚ್ಚರಿಕೆ’ ಫಲಕವನ್ನು ಓದಲಾರ, ಬೀಗವನ್ನು ಓದಬೇಕಾಗಿಲ್ಲ.

ವಿದ್ಯುತ್ತನ್ನು ಕಡಿದ ಮಾತ್ರಕ್ಕೆ ಶಕ್ತಿಯೆಲ್ಲ ಹೋಯಿತೆಂದೂ ಅಲ್ಲ. ಗಾಳಿಯ ಒತ್ತಡದಿಂದ ನಡೆಯುವ ಪ್ಯಾಕಿಂಗ್ ಯಂತ್ರದಲ್ಲಿ, ಪ್ಲಾಸ್ಟಿಕ್ಕನ್ನು ಕಾಯಿಸಿ ಬೆಸೆಯುವ ದವಡೆಗಳ ನಡುವೆ ಚೂರೊಂದು ಸಿಕ್ಕಿ ನಿಂತಾಗ, ಸಿಲಿಂಡರಿನೊಳಗೆ ಗಾಳಿ ತುಂಬಿಕೊಂಡೇ ಇರುತ್ತದೆ. ಬೆರಳಿನಿಂದ ಆ ಚೂರನ್ನು ಕಿತ್ತ ಕ್ಷಣದಲ್ಲಿ, ಅಡ್ಡಿ ತೊಲಗಿದ ಕಾರಣ, ದವಡೆ ಮುಚ್ಚುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಹರಳನ್ನೂ ಕಾಕಂಬಿಯನ್ನೂ ಬೇರ್ಪಡಿಸುವ ಸೆಂಟ್ರಿಫ್ಯೂಜು, ಮಸಾಲೆಯನ್ನು ಕುಟ್ಟುವ ಪಲ್ವರೈಸರು, ಇವು ಸ್ವಿಚ್ ಆರಿಸಿದ ಮೇಲೂ ತಮ್ಮ ವೇಗದ ಬಲದಿಂದಲೇ ಬಹಳ ಹೊತ್ತು ತಿರುಗುತ್ತವೆ. ಸದ್ದು ಮಾತ್ರ ಮೊದಲೇ ಅಡಗಿ, ನಿಂತಿತೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಮೇಲೆತ್ತಿದ ಪಾತ್ರೆ, ಬಿಗಿದ ಸ್ಪ್ರಿಂಗು, ಪೈಪಿನಲ್ಲಿ ಉಳಿದ ಹಬೆ, ಎಲ್ಲವೂ ಹೀಗೆಯೇ. ಬೀಗ ಜಡಿದ ಮೇಲೆ ಒಮ್ಮೆ ಗುಂಡಿ ಒತ್ತಿ, ಯಂತ್ರ ನಿಜವಾಗಿಯೂ ಸತ್ತಿದೆಯೆ ಎಂದು ಪರೀಕ್ಷಿಸಿಯೇ ಕೈಯಿಡಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿ.

ಯಾವುದಾದರೂ ಆಹಾರ ಘಟಕದೊಳಗೆ ಹೋದಾಗ ನಾನು ಯಂತ್ರವನ್ನು ನೋಡುವುದಕ್ಕಿಂತ ಮೊದಲು ಗೋಡೆಯನ್ನು ನೋಡುತ್ತೇನೆ. ಅಲ್ಲಿ ಗಾರ್ಡುಗಳು ಒರಗಿ ನಿಂತಿರುತ್ತವೆ. ಬೆಲ್ಟಿನ ಮೇಲೆ, ಚೈನಿನ ಮೇಲೆ, ರೋಲರಿನ ಬಾಯಿಗೆ ಮುಚ್ಚಿರಬೇಕಾದ ಜಾಲರಿಗಳು ಅವು. ತೊಳೆಯಲೆಂದು ಬಿಚ್ಚಿದ್ದು, ನಟ್ಟು ಬೋಲ್ಟುಗಳು ಪಕ್ಕದಲ್ಲಿ ಒಂದು ಹಳೆಯ ಡಾಲ್ಡಾ ಡಬ್ಬಿಯಲ್ಲಿ. ಡಬ್ಬಿಯ ಮೇಲಿನ ಧೂಳಿನಿಂದ ಎಷ್ಟು ಕಾಲವಾಯಿತೆಂದು ಊಹಿಸಬಹುದು. ದಿನವೂ ಎಂಟು ಬೋಲ್ಟು ಬಿಚ್ಚಿ ಎಂಟು ಬೋಲ್ಟು ಹಾಕುವ ಕೆಲಸಕ್ಕೆ ಯಾರೂ ಸಮಯ ಕೊಟ್ಟಿಲ್ಲ, ಕೂಲಿಯನ್ನೂ ಕೊಟ್ಟಿಲ್ಲ. ಮೇಲಾಗಿ, ಶುಚಿತ್ವವನ್ನು ಪರೀಕ್ಷಿಸಲು ಬರುವ ಆಡಿಟರನಿಗೆ ಜಾಲರಿಯೆಂದರೆ ಹಿಟ್ಟು ಕೂತುಕೊಳ್ಳುವ ಮತ್ತೊಂದು ಮೂಲೆ; ಅವನ ಅಸಮಾಧಾನಕ್ಕೆ ಪಾತ್ರವಾಗುವುದಕ್ಕಿಂತ ಅದನ್ನು ತೆಗೆದಿಡುವುದೇ ಲೇಸೆಂದು ಮ್ಯಾನೇಜರನು ಭಾವಿಸಿದರೆ ಆಶ್ಚರ್ಯವಿಲ್ಲ. ಕಲಸುವ ಯಂತ್ರದ ಮುಚ್ಚಳ ಎತ್ತಿದೊಡನೆ ಮೋಟಾರು ನಿಲ್ಲುವಂತೆ ಇಟ್ಟ ಸ್ವಿಚ್ಚನ್ನು ತಂತಿ ಸುತ್ತಿ ಸದಾ ಒತ್ತಿರುವಂತೆ ಮಾಡಿರುವುದನ್ನೂ ಕಾಣುತ್ತೇವೆ. ಇದೂ ಸುಮ್ಮನೆ ಮಾಡಿದ್ದಲ್ಲ: ಹದ ಬಂದಿತೆ ಎಂದು ಕಣಕವನ್ನು ಹಲವು ಸಾರಿ ಮುಟ್ಟಿ ನೋಡದೆ ರೊಟ್ಟಿ ಸುಡುವವನಿಗೆ ಗತ್ಯಂತರವಿಲ್ಲ; ಪ್ರತಿ ಸಾರಿಯೂ ಯಂತ್ರ ನಿಂತು ಮೊದಲಿನಿಂದ ಹೊರಡಬೇಕೆಂದು ವಿಧಿಸಿದವನು ತನ್ನ ಜೀವಮಾನದಲ್ಲಿ ಹಿಟ್ಟು ನಾದಿದವನಾಗಿರಲಾರ. ತೊಳೆಯಲು ಸುಲಭವಾಗಿಯೂ ಮುಟ್ಟಲು ಅಸಾಧ್ಯವಾಗಿಯೂ ಇರುವ ಯಂತ್ರವನ್ನು ನಿರ್ಮಿಸುವುದು ಕಷ್ಟ; ಆ ಕಷ್ಟವನ್ನು ನಿರ್ಮಾಪಕನು ತಾನು ಪಡದೆ ತೊಳೆಯುವವರಿಗೆ ದಾಟಿಸಿದ್ದಾನೆ.

ಆಹಾರದ ಶುದ್ಧಿಯ ಮೇಲೆ ಸಮಾಜಕ್ಕಿರುವ ಕಾಳಜಿ ಆಹಾರ ಸಿದ್ಧಗೊಳಿಸುವವರ ಮೇಲೆ ಇಲ್ಲವೆಂಬುದು ಇಂದಿನ ಮಾತಲ್ಲ. ಅಪ್ಟನ್ ಸಿಂಕ್ಲೇರ್ ಎಂಬ ಅಮೆರಿಕನ್ ಲೇಖಕ ಶಿಕಾಗೋದ ಮಾಂಸದ ಕಾರ್ಖಾನೆಗಳ ಕೂಲಿಗಳ ದುರವಸ್ಥೆಯನ್ನು ‘ದಿ ಜಂಗಲ್’ ಎಂಬ ಕಾದಂಬರಿಯಲ್ಲಿ ಚಿತ್ರಿಸಿದನು. ಅದು ಪುಸ್ತಕವಾಗಿ ಹೊರಬಂದ ೧೯೦೬ರಲ್ಲಿಯೇ ಅಮೆರಿಕದ ಸಂಸತ್ತು ಮಾಂಸ ತಪಾಸಣೆಯ ಕಾಯಿದೆಯನ್ನೂ ಆಹಾರ ಮತ್ತು ಔಷಧಗಳ ಶುದ್ಧತೆಯ ಕಾಯಿದೆಯನ್ನೂ ಅಂಗೀಕರಿಸಿತು. ಓದುಗರು ನಡುಗಿದ್ದು ತಮ್ಮ ತಟ್ಟೆಯನ್ನು ನೆನೆದು. ನಮ್ಮ ೨೦೦೬ರ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ ರಚಿತವಾದ ನಿಯಮಗಳಲ್ಲಿಯೂ ಕೊಯ್ದ ಕೈಯ ಪ್ರಸ್ತಾಪ ಬರುತ್ತದೆ, ಆಹಾರವನ್ನು ಮಲಿನಗೊಳಿಸಬಲ್ಲ ವಸ್ತುವಾಗಿ. ಗಾಯವನ್ನು ನೀರು ತೂರದ ಪಟ್ಟಿಯಿಂದ ಮುಚ್ಚದೆ ಆಹಾರ ಮುಟ್ಟಕೂಡದು. ದೊಡ್ಡ ಕಾರ್ಖಾನೆಗಳಲ್ಲಿ ಆ ಪಟ್ಟಿ ನೀಲಿಬಣ್ಣದ್ದಾಗಿರುತ್ತದೆ, ಏಕೆಂದರೆ ನೀಲಿ ಆಹಾರ ಅಪೂರ್ವ, ಬಿದ್ದರೆ ಕಣ್ಣಿಗೆ ಕಾಣುತ್ತದೆ. ಅದರೊಳಗೊಂದು ಲೋಹದ ಎಳೆಯನ್ನೂ ಇಟ್ಟಿರುತ್ತಾರೆ, ಪೊಟ್ಟಣದಲ್ಲಿ ಸೇರಿಹೋದರೆ ಲೋಹಶೋಧಕ ಯಂತ್ರ ಕೂಗಲೆಂದು. ಇಷ್ಟೊಂದು ದೂರಾಲೋಚನೆ ಪಟ್ಟಿಯ ವಿಷಯದಲ್ಲಿ.

ಇನ್ನು ಗಾಣ. ಅಟ್ಲಾಂಟಿಕ್ಕಿನ ಆಚೆಯ ಸಕ್ಕರೆಯ ತೋಟಗಳಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಗುಲಾಮರ ಪಕ್ಕದಲ್ಲಿ ಕೊಡಲಿಯೊಂದನ್ನು ಸದಾ ಸಿದ್ಧವಾಗಿಟ್ಟಿರುತ್ತಿದ್ದರು. ಬೆರಳು ಸಿಕ್ಕಿದರೆ ಇಡೀ ದೇಹ ಹೋಗುವ ಮುನ್ನ ತೋಳನ್ನು ಕಡಿಯಲು. ೧೭೫೯ರಲ್ಲಿ ವಾಲ್ಟೇರನು ಬರೆದ ‘ಕಾಂಡೀಡ್’ ಎಂಬ ಕಥೆಯಲ್ಲಿ ಸುರಿನಾಮಿನ ಗುಲಾಮನೊಬ್ಬನು ತನ್ನ ಕೈ ಹೋದ ಬಗೆಯನ್ನು ವಿವರಿಸುವುದು ಈ ಪದ್ಧತಿಯನ್ನೇ ಕುರಿತು. ನಮ್ಮ ಎತ್ತಿನ ಮರದ ಗಾಣ ಅಷ್ಟು ಕ್ರೂರವಾಗಿರಲಿಲ್ಲ. ಒಂದು ಕೂಗಿಗೆ ಎತ್ತು ನಿಲ್ಲುತ್ತಿತ್ತು. ೧೮೭೦ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬವರು ರೂಪಿಸಿದ ಕಬ್ಬಿಣದ ರೋಲರುಗಳ ಗಾಣ ದೇಶದಲ್ಲೆಲ್ಲ ಹರಡಿತು; ಅನಂತರ ಎತ್ತಿನ ಸ್ಥಾನಕ್ಕೆ ಡೀಸೆಲ್ ಎಂಜಿನು, ವಿದ್ಯುತ್ ಮೋಟಾರು ಬಂದುವು. ಕೂಗಿದರೆ ನಿಲ್ಲುವಂಥದು ಯಾವುದೂ ಉಳಿಯಲಿಲ್ಲ.

ಇಂದು ಮಂಡ್ಯ, ಮದ್ದೂರು, ಪಾಂಡವಪುರಗಳ ಕಡೆಯ ಆಲೆಮನೆಗೆ ಹೋಗಿ ನಿಂತರೆ ಗಾಣದ ಬಾಯಿ ನೆಲದಿಂದ ಎರಡಡಿ ಎತ್ತರದಲ್ಲಿರುತ್ತದೆ. ಒಬ್ಬನು ಕೂತುಕೊಂಡು ಎರಡು ಮೂರು ಜಲ್ಲೆಗಳನ್ನು ಒಟ್ಟಿಗೆ ಕೊಡುತ್ತಿರುತ್ತಾನೆ. ಕೊನೆಯ ಮೋಟು ತುಂಡನ್ನು ಅಂಗೈಯಿಂದ ದೂಡುತ್ತಾನೆ. ಆಚೆ ಬದಿಯಲ್ಲಿ ಇನ್ನೊಬ್ಬ ರಸ ಹಿಂಡಿದ ಸಿಪ್ಪೆಯಾದ ರಚ್ಚನ್ನು ಎಳೆದು ಒಣಹಾಕಲು ಒಯ್ಯುತ್ತಾನೆ. ರಚ್ಚು ರೋಲರಿಗೆ ಸುತ್ತಿಕೊಂಡಾಗ ಎಂಜಿನ್ನು ನಿಲ್ಲಿಸುವುದಿಲ್ಲ, ಏಕೆಂದರೆ ನಿಲ್ಲಿಸಿದರೆ ಕಬ್ಬಿನ ಹಾಲು ಬರುವುದು ತಡವಾಗಿ ಕೊಪ್ಪರಿಗೆಯ ಹದ ಕೆಡುತ್ತದೆ. ಸಂಜೆ ಗಾಣಕ್ಕೆ ನೀರು ಹೊಯ್ದು ತೊಳೆಯುವುದೂ ತಿರುಗುತ್ತಿರುವಾಗಲೇ, ಹುಳಿ ಉಳಿಯಬಾರದೆಂದು. ಇಲ್ಲಿ ಬೇಕಾದುದು ದೊಡ್ಡ ವಿಜ್ಞಾನವೇನೂ ಅಲ್ಲ. ಗಾಣದ ಬಾಯಿಗೆ ತೋಳಿಗಿಂತ ಉದ್ದವಾದ ತಗಡಿನ ದೋಣಿ, ಅದರ ಮುಂಭಾಗಕ್ಕೆ ಮುಚ್ಚಳ. ಪಂಜಾಬ್ ಮೊದಲಾದ ಕಡೆಗಳಲ್ಲಿ ಒಕ್ಕಣೆ ಯಂತ್ರಗಳು ಸಾಲುಸಾಲಾಗಿ ಕೈಗಳನ್ನು ತೆಗೆದುಕೊಂಡಾಗ, ಮುಖ್ಯವಾಗಿ ಆ ಯಂತ್ರವನ್ನೇ ಉದ್ದೇಶಿಸಿ ೧೯೮೩ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂದಿತು. ಆ ಯಂತ್ರಕ್ಕೆ ಅಳವಡಿಸುವ ಸುರಕ್ಷಿತ ದೋಣಿಯ ತತ್ತ್ವವೂ ಇದೇ. ಗಾಣದವನಿಗೆ ಅಂಥ ಭಾಗ್ಯವಿಲ್ಲ.

ಕಾರ್ಖಾನೆಗಳ ಕಾನೂನಾದರೂ ಅವನನ್ನು ಮುಟ್ಟುತ್ತದೆಯೆ? ಚಲಿಸುತ್ತಿರುವ ಯಂತ್ರವನ್ನು ಮಕ್ಕಳಿಂದ ಶುಚಿಮಾಡಿಸಕೂಡದೆಂದು ಇಂಗ್ಲೆಂಡಿನ ೧೮೪೪ರ ಕಾಯಿದೆ ಹೇಳಿತು; ೧೮೮೧ರಲ್ಲಿ ಭಾರತಕ್ಕೆ ಬಂದ ಮೊದಲ ಕಾಯಿದೆಯ ವ್ಯಾಪ್ತಿ ನೂರು ಮಂದಿಗೆ ಕಡಮೆಯಿಲ್ಲದ ಕಾರ್ಖಾನೆಗಳಿಗಷ್ಟೇ. ಸ್ವತಂತ್ರ ಭಾರತದ ೧೯೪೮ರ ಕಾಯಿದೆ ವಿದ್ಯುತ್ತಿನಿಂದ ನಡೆಯುವಲ್ಲಿ ಹತ್ತು ಮಂದಿಯಿದ್ದರೂ ಸಾಕೆಂದಿತು. ಅದರ ೨೧ನೆಯ ಪ್ರಕರಣ ಯಂತ್ರಗಳಿಗೆ ಭದ್ರವಾದ ಆವರಣವನ್ನು ವಿಧಿಸಿತು. ೨೨ನೆಯದು, ಚಲಿಸುವ ಯಂತ್ರದ ಬಳಿ ತರಬೇತಿ ಪಡೆದ ವಯಸ್ಕ ಗಂಡಾಳು ಮಾತ್ರ, ಅದೂ ಮಾಲೀಕನೇ ಒದಗಿಸಿದ ಮೈಗಂಟುವ ಉಡುಪಿನಲ್ಲಿ, ಕೆಲಸ ಮಾಡತಕ್ಕದ್ದೆಂದೂ, ಚಲಿಸುವ ಭಾಗದಿಂದ ಗಾಯವಾಗುವ ಸಂಭವವಿರುವಲ್ಲಿ ಹೆಂಗಸರಿಂದಾಗಲಿ ಎಳೆಯರಿಂದಾಗಲಿ ಯಂತ್ರವನ್ನು ಶುಚಿಮಾಡಿಸಲೇಕೂಡದೆಂದೂ ವಿಧಿಸಿತು. ತೊಳೆಬಳಿಯೆಲ್ಲ ಹೆಂಗಸರ ಪಾಲಿಗೇ ಬಿದ್ದಿರುವ ಆಹಾರ ಘಟಕಗಳನ್ನು ನೆನೆದರೆ, ಈ ಪ್ರಕರಣವನ್ನು ಓದುವಾಗ ನಗು ಬರುವುದಿಲ್ಲ. ೨೦೨೦ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ಎಂಟು ಹತ್ತು ಜನರ ಆಲೆಮನೆ, ಐದಾರು ಜನರ ಬೇಕರಿ, ಮೂವರ ಗಿರಣಿ, ಇವು ಹಿಂದೆಯೂ ಬಹುಮಟ್ಟಿಗೆ ಹೊರಗಿದ್ದುವು. ಈಗ ಗೆರೆ ಇನ್ನೂ ದೂರಕ್ಕೆ ಸರಿಯಿತು.

ಕೈ ಹೋದ ಮೇಲೆ ಅದರ ಬೆಲೆಕಟ್ಟುವ ಪಟ್ಟಿಯೊಂದು, ೨೦೨೫ರವರೆಗೆ ಜಾರಿಯಲ್ಲಿದ್ದ ೧೯೨೩ರ ಪರಿಹಾರ ಕಾಯಿದೆಯ ಮೊದಲ ಅನುಸೂಚಿಯಲ್ಲಿತ್ತು. ಹೆಬ್ಬೆರಳು ಪೂರ್ತಿ ಹೋದರೆ ಸಂಪಾದನಾಶಕ್ತಿಯ ನಷ್ಟ ನೂರಕ್ಕೆ ೩೦; ತೋರುಬೆರಳಿಗೆ ೧೪; ನಡುಬೆರಳಿಗೆ ೧೨; ಉಂಗುರಬೆರಳಿಗೋ ಕಿರುಬೆರಳಿಗೋ ೭; ಒಂದು ಕೈಯ ನಾಲ್ಕೂ ಬೆರಳು ಹೋದರೆ ೫೦. ಇ.ಎಸ್.ಐ. ವಿಮೆಯ ವ್ಯಾಪ್ತಿಯ ಹೊರಗಿದ್ದ ಮೂವತ್ತು ವರ್ಷದ ಕೂಲಿಯವನಿಗೆ, ೨೦೨೦ರ ಜನವರಿಯಲ್ಲಿ ನಿಗದಿಯಾದ ೧೫,೦೦೦ ರೂಪಾಯಿಯ ವೇತನ ಮಿತಿಯಂತೆ, ಅದರ ನೂರಕ್ಕೆ ಅರವತ್ತನ್ನು ಅವನ ವಯಸ್ಸಿಗೆ ಗೊತ್ತುಮಾಡಿದ ೨೦೭.೯೮ರಿಂದ ಗುಣಿಸಿದರೆ ೧೮,೭೧,೮೨೦ ಆಗುತ್ತಿತ್ತು. ಕಿರುಬೆರಳು ಅದರಲ್ಲಿ ೧,೩೧,೦೨೭ ರೂಪಾಯಿ, ಹೆಬ್ಬೆರಳು ೫,೬೧,೫೪೬. ಪಟ್ಟಿ ಅಳೆದದ್ದು ಬೆರಳನ್ನು, ಬೆರಳಿನ ಕಸುಬನ್ನಲ್ಲ. ಒಬ್ಬ ಬಡಗಿ ಎಡಗೈಯನ್ನು ಮೊಣಕೈಯ ಮೇಲಕ್ಕೆ ಕಳೆದುಕೊಂಡ ಮೊಕದ್ದಮೆಯಲ್ಲಿ, ೧೯೭೬ರ ವರದಿ ಸಂಪುಟಗಳಲ್ಲಿ ಪ್ರಕಟವಾಗಿರುವ ತೀರ್ಪಿನ ಮೂಲಕ ಸುಪ್ರೀಂ ಕೋರ್ಟು, ಒಂದೇ ಕೈಯಿಂದ ಬಡಗಿಯ ಕೆಲಸ ಸಾಧ್ಯವಿಲ್ಲವಾದ ಕಾರಣ ನಷ್ಟವನ್ನು ಪೂರ್ಣವೆಂದೇ ಎಣಿಸಬೇಕೆಂದೂ, ಪರಿಹಾರ ಸಲ್ಲಬೇಕಾದುದು ಅಪಘಾತವಾದ ದಿನದಿಂದಲೇ ಎಂದೂ ಎತ್ತಿಹಿಡಿಯಿತು. ಕಣಕ ನಾದುವವನ ಹೆಬ್ಬೆರಳಿಗೂ ಈ ತರ್ಕ ಸಲ್ಲಬೇಕೆಂದು ವಾದಿಸಲು ಯಾರಾದರೂ ವಕೀಲರು ಮುಂದಾಗಬೇಕಷ್ಟೆ.

ಕಡಿದ ಕೈಯನ್ನು ಮರಳಿ ಜೋಡಿಸುವ ವಿದ್ಯೆ ಈಗ ಹೊಸದಲ್ಲ. ೧೯೬೩ರಲ್ಲಿ ಶಾಂಘೈಯಲ್ಲಿ ಚೆನ್ ಝೋಂಗ್‌ವೇ ಎಂಬ ವೈದ್ಯರು ಯಂತ್ರಕ್ಕೆ ಸಿಕ್ಕಿ ತುಂಡಾದ ಕಾರ್ಮಿಕನ ಕೈಯನ್ನು ಜೋಡಿಸಿದರು. ೧೯೬೫ರಲ್ಲಿ ಜಪಾನಿನ ಕೊಮಾತ್ಸು, ತಮಾಯ್ ಎಂಬವರು ಸೂಕ್ಷ್ಮದರ್ಶಕದ ನೆರವಿನಿಂದ ಹೆಬ್ಬೆರಳನ್ನು ಕೂಡಿಸಿದರು. ಬೆರಳ ತುಂಡನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಆಸ್ಪತ್ರೆಗೆ ಒಯ್ಯಬೇಕು. ತುಂಡನ್ನು ನೇರವಾಗಿ ಐಸಿನಲ್ಲಿ ಹೂತರೆ ಅದರ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಎಲ್ಲೆಲ್ಲೂ ಐಸೇ ಇರುವ ಮೀನಿನ ಘಟಕಗಳಲ್ಲಿ ಇದನ್ನು ಮುಖ್ಯವಾಗಿ ತಿಳಿಸಬೇಕು. ಆದರೆ ಈ ವಿದ್ಯೆ ಹೆಚ್ಚು ಫಲಿಸುವುದು ಹರಿತವಾದ ಅಲಗಿನಿಂದ ಕೊಯ್ದ ಗಾಯದಲ್ಲಿ. ರೋಲರು, ಗಾಣ, ತಿರುಪುಗಳು ಕೊಯ್ಯುವುದಿಲ್ಲ; ಜಜ್ಜುತ್ತವೆ, ತಿರುಚಿ ಎಳೆಯುತ್ತವೆ; ಹೊಲಿಯಲು ಅಲ್ಲಿ ರಕ್ತನಾಳವೇ ಉಳಿದಿರುವುದಿಲ್ಲ.

ಆಸ್ಪತ್ರೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಗಾಯಾಳುವನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ ಮೇಸ್ತ್ರಿ ದಾರಿಯಲ್ಲಿ ಮೃದುವಾಗಿ ಒಂದು ಸಲಹೆ ಕೊಡುವುದುಂಟು: “ನೋಡಮ್ಮಾ, ಡಾಕ್ಟ್ರು ಕೇಳಿದ್ರೆ ಮನೇಲಿ ಗ್ರೈಂಡರಿಗೆ ಸಿಕ್ತು ಅಂತ ಹೇಳು, ಖರ್ಚೆಲ್ಲಾ ಯಜಮಾನ್ರು ನೋಡ್ಕೋತಾರೆ.” ಆ ನೋವಿನಲ್ಲಿ ಆಕೆ ತಲೆಯಾಡಿಸುತ್ತಾಳೆ. ಕೇಸ್‌ಶೀಟಿನ ಮೊದಲ ಸಾಲಿನಲ್ಲಿ ಹಾಗೆಂದು ಒಮ್ಮೆ ಬರೆದುಹೋದರೆ ಮುಂದೆ ಪರಿಹಾರದ ಆಯುಕ್ತರ ಮುಂದೆ ಅದನ್ನು ಅಳಿಸುವುದು ಬಹು ಪ್ರಯಾಸದ ಕೆಲಸ. ಕೂಲಿಯ ಚೀಟಿ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಉಳಿದಿದ್ದ ಒಂದೇ ಸಾಕ್ಷಿಯೂ ತಿರುಗಿ ನಿಂತಿತು. ಜೊತೆಗೆ ಹೋದವರು ಯಂತ್ರದ ಹೆಸರನ್ನೂ, ಸ್ಥಳವನ್ನೂ, ಗಂಟೆಯನ್ನೂ ವೈದ್ಯರಿಂದ ಬರೆಯಿಸಿ, ಎಂ.ಎಲ್.ಸಿ. (ಮೆಡಿಕೋ-ಲೀಗಲ್ ಕೇಸ್) ಮಾಡಿಸಲೇಬೇಕು. ‘ಆಕೆ ನಮ್ಮವಳಲ್ಲ, ಗುತ್ತಿಗೆದಾರನ ಕಡೆಯವಳು’ ಎಂಬ ಉತ್ತರಕ್ಕೆ ೧೯೨೩ರ ಕಾಯಿದೆಯ ೧೨ನೆಯ ಪ್ರಕರಣ ಮೊದಲೇ ಮರುಮಾತು ಹೇಳಿತ್ತು: ಪರಿಹಾರವನ್ನು ಮೂಲ ಮಾಲೀಕನಿಂದಲೇ ಕೇಳಬಹುದು, ಕೊಟ್ಟ ಮೇಲೆ ಗುತ್ತಿಗೆದಾರನಿಂದ ಅದನ್ನು ವಸೂಲು ಮಾಡಿಕೊಳ್ಳುವುದು ಮಾಲೀಕನ ತಲೆನೋವು.